ಅಜಿಥ್ರೋಮೈಸಿನ್ ಮೂರೇ ದಿನ ಯಾಕೆ? ಮ್ಯಾಕ್ರೋಲೈಡ್‌ಗಳು ಒಳಗೆ ಏನ್ ಮಾಡ್ತವೆ ಅಂತ ಗೊತ್ತಿರೋರು ಹೇಳಿ

ಹಸಿರೆಲೆ:
ಎಲ್ರಿಗೂ ನಮಸ್ಕಾರ. ಮಗಳಿಗೆ ಜ್ವರ ಕೆಮ್ಮು ಅಂತ ಮೊದ್ಲು ಅಮಾಕ್ಸಿಸಿಲಿನ್ ಕೊಟ್ಟಿದ್ರು, ಜ್ವರ ಇಳೀಲೇ ಇಲ್ಲ. ಆಮೇಲೆ ಎಕ್ಸ್‌ರೇ ನೋಡಿ ಇದು ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು ಅಂತ ಅಜಿಥ್ರೋಮೈಸಿನ್‌ಗೆ ಬದಲಾಯಿಸಿದ್ರು, ಜ್ವರ ಬಿಡ್ತು. ಖುಷಿನೇ, ಆದ್ರೆ ಎರಡು ವಿಷಯ ತಲೇಲಿ ಕೊರೀತಾ ಇದೆ. ಅದೂ ಆ್ಯಂಟಿಬಯಾಟಿಕ್ಕೇ ಇದೂ ಆ್ಯಂಟಿಬಯಾಟಿಕ್ಕೇ, ಒಂದಕ್ಕೆ ಬಗ್ಗದ ರೋಗ ಇನ್ನೊಂದಕ್ಕೆ ಹೇಗೆ ಬಗ್ತು? ಮತ್ತೆ, ಮೊದಲಿನದನ್ನ ದಿನಕ್ಕೆ ಮೂರು ಸಲ ಕೊಡಿ ಅಂದವ್ರು ಇದನ್ನ ದಿನಕ್ಕೊಂದೇ ಸಲ, ಅದೂ ಮೂರೇ ದಿನ ಅಂದ್ರು. ಇಷ್ಟು ಬೇಗ ನಿಲ್ಲಿಸಿದ್ರೆ ರೋಗಾಣು ಉಳ್ಕೊಳ್ಳಲ್ವಾ? ಕೆಮ್ಮಂತೂ ಇನ್ನೂ ಇದೆ.

ಪ್ಲೇಟ್‌ರೀಡರ್:
ಮೊದಲನೇ ಪ್ರಶ್ನೆಗೆ ನಾನು ಹೇಳ್ತೀನಿ, ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ನಂದು. ಅಮಾಕ್ಸಿಸಿಲಿನ್, ಪೆನಿಸಿಲಿನ್, ಸೆಫಲೋಸ್ಪೋರಿನ್ ಇವೆಲ್ಲ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟೋ ಕೆಲಸವನ್ನ ಕೆಡಿಸ್ತವೆ. ಮೈಕೋಪ್ಲಾಸ್ಮಾಗೆ ಕೋಶಭಿತ್ತಿನೇ ಇಲ್ಲ, ಬರೀ ಒಂದು ಪೊರೆ ಇರೋದು. ಇಲ್ಲದ ಗೋಡೆಯನ್ನ ಔಷಧಿ ಕೆಡಿಸೋದಾದ್ರೂ ಹೇಗೆ? ಎಷ್ಟೇ ಡೋಸ್ ಕೊಟ್ರೂ ಅದಕ್ಕೆ ತಟ್ಟಲ್ಲ.

ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ರಾಕ್ಸಿಥ್ರೋಮೈಸಿನ್, ಅಜಿಥ್ರೋಮೈಸಿನ್ ಇವೆಲ್ಲ ಮ್ಯಾಕ್ರೋಲೈಡ್ ಗುಂಪು. ಇವು ಹಿಡಿಯೋದು ರೈಬೋಸೋಮನ್ನ, ಅಂದ್ರೆ ಪ್ರೊಟೀನ್ ತಯಾರಾಗೋ ಜಾಗವನ್ನ. ಬ್ಯಾಕ್ಟೀರಿಯಾದ ರೈಬೋಸೋಮ್‌ನಲ್ಲಿ ಚಿಕ್ಕದು ದೊಡ್ಡದು ಅಂತ ಎರಡು ಭಾಗ, ದೊಡ್ಡದನ್ನ 50ಎಸ್ ಅಂತಾರೆ. ಹೊಸ ಪ್ರೊಟೀನ್ ಸರಪಳಿ ಹೊರಗೆ ಬರೋದಕ್ಕೆ ಅದರೊಳಗೆ ಒಂದು ಸುರಂಗ ಇದೆ, ಔಷಧಿ ಹೋಗಿ ಆ ಸುರಂಗದ ಶುರುವಿನಲ್ಲೇ ಕೂರುತ್ತೆ. ಮೈಕೋಪ್ಲಾಸ್ಮಾಗೆ ಗೋಡೆ ಇಲ್ದೇ ಇದ್ರೂ ರೈಬೋಸೋಮ್ ಇಲ್ದೇ ಬದುಕೋಕಾಗಲ್ಲ, ಅದಕ್ಕೇ ಅಲ್ಲಿ ಸಿಕ್ಕಿಬೀಳುತ್ತೆ.

ನಮ್ಮ ಜೀವಕೋಶಗಳಲ್ಲೂ ರೈಬೋಸೋಮ್ ಇದೆಯಲ್ಲ, ಅದನ್ಯಾಕೆ ಬಿಡುತ್ತೆ ಅಂತ ಕೇಳ್ತೀರ. ಔಷಧಿ ಅಂಟೋ ಜಾಗದಲ್ಲಿ, ಅಂದ್ರೆ ಆ 50ಎಸ್ ಒಳಗಿನ 23ಎಸ್ ಅನ್ನೋ ಆರ್‌ಎನ್‌ಎ ಎಳೆಯ 2058ನೇ ಸ್ಥಾನದಲ್ಲಿ, ಬ್ಯಾಕ್ಟೀರಿಯಾಗಳಿಗೆ ಅಡೆನಿನ್ ಅನ್ನೋ ಅಕ್ಷರ ಇರುತ್ತೆ. ನಮ್ಮ ರೈಬೋಸೋಮ್‌ನಲ್ಲಿ ಅದೇ ಜಾಗಕ್ಕೆ ಗ್ವಾನಿನ್ ಇದೆ, ಔಷಧಿ ಅಲ್ಲಿ ಸರಿಯಾಗಿ ಕೂರಲ್ಲ. ಅಷ್ಟು ದೊಡ್ಡ ಯಂತ್ರದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಇಷ್ಟು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ, ಇದನ್ನ ನೆನೆಸ್ಕೊಂಡಾಗೆಲ್ಲ ಈಗಲೂ ಆಶ್ಚರ್ಯ ಆಗುತ್ತೆ.

ನರ್ಸಿಂಗ್‌ಹುಡುಗಿ:
ಮೇಡಂ ಚೆನ್ನಾಗಿ ಹೇಳಿದ್ರಿ. ನಮ್ಮ ನೋಟ್ಸ್‌ನಲ್ಲಿ ಪೈಪಿಗೆ ಬಿರಡೆ ಹಾಕಿದ ಹಾಗೆ ಸುರಂಗ ಮುಚ್ಚುತ್ತೆ, ಪ್ರೊಟೀನ್ ತಯಾರಿ ಪೂರ್ತಿ ನಿಲ್ಲುತ್ತೆ ಅಂತ ಇದೆ. ಆದ್ರೆ ಅದೇ ಪುಟದಲ್ಲಿ ಬ್ಯಾಕ್ಟೀರಿಯೋಸ್ಟ್ಯಾಟಿಕ್ ಅಂತಲೂ ಬರೆದಿದ್ದಾರೆ, ಅಂದ್ರೆ ಬರೀ ಬೆಳವಣಿಗೆ ನಿಲ್ಲಿಸುತ್ತೆ, ಕೊಲ್ಲಲ್ಲ. ಪ್ರೊಟೀನೇ ಇಲ್ದಿದ್ರೆ ಸಾಯಬೇಕಲ್ವಾ? ಸಾಯದಿದ್ರೆ ರೋಗ ಹೇಗೆ ವಾಸಿ ಆಗುತ್ತೆ? ಯಾರಾದ್ರೂ ಬಿಡಿಸಿ ಹೇಳಿ, ಮುಂದಿನ ವಾರ ವೈವಾ ಇದೆ.

ರಾತ್ರಿಪಾಳಿ:
ಬಿರಡೆ ಅನ್ನೋದು ಹಳೇ ವಿವರಣೆ ಕಣಮ್ಮ, ಪರೀಕ್ಷೆಗೆ ಸಾಕಾಗುತ್ತೆ, ಆದ್ರೆ ನಿಜ ಅದಕ್ಕಿಂತ ಸ್ವಾರಸ್ಯವಾಗಿದೆ. ಔಷಧಿ ಕೂತ ಮೇಲೂ ಸುರಂಗದಲ್ಲಿ ಸ್ವಲ್ಪ ಸಂದು ಉಳಿದಿರುತ್ತೆ. ಎಷ್ಟೋ ಪ್ರೊಟೀನುಗಳು ಶುರುವಾಗಿ ಆರರಿಂದ ಹತ್ತು ಅಮೈನೋ ಆಮ್ಲ ಸೇರೋ ಹೊತ್ತಿಗೆ ಅಲ್ಲೇ ಸಿಕ್ಕೊಂಡು ಅರ್ಧಂಬರ್ಧ ತುಂಡಾಗಿ ಉದುರಿಹೋಗ್ತವೆ. ಇನ್ನು ಕೆಲವು ಸಂದಿನಲ್ಲಿ ತೂರ್ಕೊಂಡು ಪೂರ್ತಿ ತಯಾರಾಗಿ ಹೊರಗೂ ಬರ್ತವೆ. ಮತ್ತೆ ಕೆಲವು ಸಾಕಷ್ಟು ದೂರ ಬೆಳೆದು ಮಧ್ಯದಲ್ಲಿ ಒಂದು ನಿರ್ದಿಷ್ಟ ಅಮೈನೋ ಆಮ್ಲಗಳ ಜೋಡಣೆ ಬಂದ ತಕ್ಷಣ ನಿಂತುಬಿಡ್ತವೆ. ಅಂದ್ರೆ ಎಲ್ಲಾ ಪ್ರೊಟೀನೂ ಒಟ್ಟಿಗೆ ನಿಲ್ಲಲ್ಲ, ಕೆಲವು ಬರುತ್ತೆ ಕೆಲವು ಬರಲ್ಲ, ಬ್ಯಾಕ್ಟೀರಿಯಾದ ಒಳಗಿನ ಲೆಕ್ಕಾಚಾರನೇ ತಪ್ಪಿಹೋಗುತ್ತೆ, ಅದು ದ್ವಿಗುಣ ಆಗೋದನ್ನ ನಿಲ್ಲಿಸುತ್ತೆ. ಈ ಸುರಂಗದಲ್ಲಿ ಔಷಧಿ ಎಲ್ಲಿ ಕೂರುತ್ತೆ ಅನ್ನೋ ಚಿತ್ರ 2001ರಲ್ಲಿ ಅದಾ ಯೋನಾಥ್ ಅವರ ತಂಡದಿಂದ ಬಂತು, 2009ರಲ್ಲಿ ರೈಬೋಸೋಮ್ ರಚನೆ ಕೆಲಸಕ್ಕೆ ಅವರಿಗೂ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಸಿಕ್ತು.

ಇನ್ನು ಕೊಲ್ಲೋದು, ನಿಲ್ಲಿಸೋದು. ಈ ಭೇದವನ್ನ ಕಲ್ಲಲ್ಲಿ ಕೆತ್ತಿದ್ದು ಅಂದ್ಕೋಬೇಡಿ. ಪ್ರಮಾಣ ಜಾಸ್ತಿ ಇದ್ರೆ ನ್ಯೂಮೋಕಾಕಸ್, ಸ್ಟ್ರೆಪ್ಟೋಕಾಕಸ್ ಅಂಥವನ್ನ ಮ್ಯಾಕ್ರೋಲೈಡ್ ಕೊಲ್ಲುತ್ತೆ ಕೂಡ. ಬೆಳವಣಿಗೆ ನಿಂತ ರೋಗಾಣುವನ್ನ ಮುಗಿಸೋದು ನಮ್ಮ ಬಿಳಿರಕ್ತಕಣಗಳ ಕೆಲಸ. ರೋಗನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ, ಹೃದಯದ ಕವಾಟಕ್ಕೆ ಸೋಂಕು ಆದವರಲ್ಲಿ ಬರೀ ಇದನ್ನೇ ನಂಬ್ಕೊಂಡು ಕೂರಲ್ಲ ನಾವು.

ಗುಳಿಗೆಲೆಕ್ಕ:
ಹಸಿರೆಲೆ ಅವರೇ, ಮೂರೇ ದಿನ ಯಾಕೆ ಅನ್ನೋದಕ್ಕೆ ನಾನು ಬರ್ತೀನಿ, ಫಾರ್ಮಸಿಸ್ಟ್ ನಾನು, ಈ ಪ್ರಶ್ನೆ ದಿನಾ ಬರುತ್ತೆ, ಸ್ವಲ್ಪ ಹಿಂದಿನಿಂದ ಶುರುಮಾಡ್ತೀನಿ ಬೇಜಾರು ಮಾಡ್ಕೋಬೇಡಿ.

ಈ ಗುಂಪಿನ ಮೊದಲ ಔಷಧಿ ಎರಿಥ್ರೋಮೈಸಿನ್. 1949ರಲ್ಲಿ ಫಿಲಿಪ್ಪೀನ್ಸ್‌ನ ಇಲೊಯಿಲೊದಿಂದ ಅಬೆಲಾರ್ಡೊ ಅಗಿಲಾರ್ ಅನ್ನೋ ವೈದ್ಯರು ಮಣ್ಣಿನ ಸ್ಯಾಂಪಲ್ ಕಳಿಸಿದ್ರು, ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ಎಲೈ ಲಿಲ್ಲಿ ಕಂಪನಿಯವರು ಇದನ್ನ ಬೇರ್ಪಡಿಸಿದ್ರು, 1952ಕ್ಕೆ ಮಾರುಕಟ್ಟೆಗೂ ಬಂತು. ಪೆನಿಸಿಲಿನ್ ಅಲರ್ಜಿ ಇದ್ದೋರಿಗೆ ದೊಡ್ಡ ಆಸರೆ ಆಯ್ತು, ಯಾಕಂದ್ರೆ ರಚನೆನೇ ಬೇರೆ, ಒಂದಕ್ಕಿರೋ ಅಲರ್ಜಿ ಇನ್ನೊಂದಕ್ಕೆ ದಾಟಲ್ಲ. ಆದ್ರೆ ಅದಕ್ಕೆ ಹೊಟ್ಟೆಯ ಆಸಿಡ್ ಆಗ್ಬರಲ್ಲ, ಆಸಿಡ್ ತಾಗಿದ್ರೆ ಅದರ 14 ಪರಮಾಣುಗಳ ಉಂಗುರ ಒಳಗೊಳಗೇ ಬೇರೆ ರೂಪಕ್ಕೆ ತಿರುಗಿ ಶಕ್ತಿ ಕಳ್ಕೊಳ್ಳುತ್ತೆ. ದಿನಕ್ಕೆ ನಾಲ್ಕು ಸಲ ಬೇರೆ ನುಂಗಬೇಕು. ಸಾಲದ್ದಕ್ಕೆ ಹೊಟ್ಟೆನೋವು, ವಾಂತಿ. ಜಪಾನಿನ ತೈಶೋ ಕಂಪನಿಯವರು ಆ ಉಂಗುರದ ಆರನೇ ಜಾಗಕ್ಕೆ ಮೀಥೈಲ್ ಅನ್ನೋ ಒಂದು ಪುಟ್ಟ ಪರಮಾಣು ಗುಂಪು ಸೇರಿಸಿ ಆಸಿಡ್ ತಡೆಯೋ ಹಾಗೆ ಮಾಡಿದ್ರು, ಅದೇ ಕ್ಲಾರಿಥ್ರೋಮೈಸಿನ್. 1980ರಲ್ಲಿ ಈಗಿನ ಕ್ರೊಯೇಷಿಯಾದ ಜಾಗ್ರೆಬ್‌ನ ಪ್ಲಿವಾ ಕಂಪನಿಯ ಸಂಶೋಧಕರು ಉಂಗುರದೊಳಗೇ ಒಂದು ನೈಟ್ರೋಜನ್ ತೂರಿಸಿ ಅದನ್ನ 15 ಪರಮಾಣುಗಳದ್ದು ಮಾಡಿದ್ರು. ಅದೇ ನಿಮ್ಮ ಮಗಳಿಗೆ ಕೊಟ್ಟ ಅಜಿಥ್ರೋಮೈಸಿನ್.

ಆ ಒಂದು ನೈಟ್ರೋಜನ್‌ನಿಂದ ಎಲ್ಲಾ ಬದಲಾಯ್ತು. ಅಜಿಥ್ರೋಮೈಸಿನ್ ರಕ್ತದಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ, ಶ್ವಾಸಕೋಶ, ಟಾನ್ಸಿಲ್ ಹೀಗೆ ಅಂಗಾಂಶಗಳಿಗೆ ಹೋಗಿ ಸೇರುತ್ತೆ, ಅದಕ್ಕಿಂತ ಮುಖ್ಯವಾಗಿ ಬಿಳಿರಕ್ತಕಣಗಳ ಒಳಗೆ ತುಂಬ್ಕೊಳ್ಳುತ್ತೆ. ಸೋಂಕು ಎಲ್ಲಿದೆಯೋ ಅಲ್ಲಿಗೆ ಬಿಳಿರಕ್ತಕಣ ಓಡುತ್ತೆ, ಜೊತೇಲಿ ಔಷಧಿನೂ ಹೋಗುತ್ತೆ. ಅಲ್ಲಿಂದ ನಿಧಾನಕ್ಕೆ ಹೊರಗೆ ಬರುತ್ತೆ. ಅದರ ಅರ್ಧಾಯುಷ್ಯ ಸುಮಾರು 68 ಗಂಟೆ ಅಂತ ಲೆಕ್ಕ, ಅಂದ್ರೆ ಹೆಚ್ಚು ಕಡಿಮೆ ಮೂರು ದಿನ ಆದ್ರೂ ಅರ್ಧ ಮಾತ್ರ ಇಳಿದಿರುತ್ತೆ. ಅಮಾಕ್ಸಿಸಿಲಿನ್‌ಗೆ ಅದು ಸುಮಾರು ಒಂದು ಗಂಟೆ. ಕೊನೇ ಡೋಸ್ ಮುಗಿದ ಮೇಲೂ ಔಷಧಿ ಒಳಗೆ ಕೆಲಸ ಮಾಡ್ತಾನೇ ಇರುತ್ತೆ, ಬಾಯಿಗೆ ಹಾಕೋದು ಮೂರು ದಿನ ಅಷ್ಟೇ. ಕೆಲವು ವೈದ್ಯರು ಮೊದಲ ದಿನ ಜಾಸ್ತಿ ಕೊಟ್ಟು ಆಮೇಲೆ ನಾಲ್ಕು ದಿನ ಕಡಿಮೆ ಅಂತ ಐದು ದಿನಕ್ಕೆ ಹಂಚ್ತಾರೆ, ಅದೂ ಸರಿನೇ.

ಹಸಿರೆಲೆ:
ಅಬ್ಬಾ, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್ ಸರ್. ಹಾಗಿದ್ರೆ ಕೆಮ್ಮಿಗೆ ಇನ್ನೊಂದು ಕೋರ್ಸ್ ಕೇಳೋದು ಬೇಡ್ವಾ?

ರಾತ್ರಿಪಾಳಿ:
ಜ್ವರ ಬಿಟ್ಟು, ಊಟ ಆಟ ಸರಿಯಾಗಿದ್ದು, ಬರೀ ಕೆಮ್ಮು ಉಳಿದಿದ್ರೆ ಅದಕ್ಕೋಸ್ಕರ ಇನ್ನೊಂದು ಕೋರ್ಸ್ ಬೇಡ. ಮೈಕೋಪ್ಲಾಸ್ಮಾ ಶ್ವಾಸನಾಳದ ಒಳಪದರದ ಸೂಕ್ಷ್ಮ ರೋಮಗಳನ್ನ ಹಾಳುಮಾಡಿ ಹೋಗಿರುತ್ತೆ, ಅವು ಮತ್ತೆ ಬೆಳೆಯೋವರೆಗೆ ವಾರಗಟ್ಟಲೆ ಕೆಮ್ಮು ಇರುತ್ತೆ, ಅಷ್ಟು ಹೊತ್ತಿಗೆ ರೋಗಾಣು ಇರಲೇಬೇಕು ಅಂತೇನಿಲ್ಲ. ಆದ್ರೆ ಜ್ವರ ವಾಪಸ್ ಬಂದ್ರೆ, ಉಸಿರಾಟ ಜೋರಾದ್ರೆ, ಪಕ್ಕೆ ಒಳಗೆ ಎಳ್ಕೊಳ್ತಿದ್ರೆ, ಮಗು ಮಂಕಾಗಿದ್ರೆ ಕಾಯಬೇಡಿ, ತಕ್ಷಣ ತೋರಿಸಿ. ಮೈಕೋಪ್ಲಾಸ್ಮಾದಲ್ಲೂ ಈಗ ಮ್ಯಾಕ್ರೋಲೈಡ್‌ಗೆ ಬಗ್ಗದ ತಳಿಗಳಿವೆ, ಚೀನಾ ಮತ್ತೆ ಪೂರ್ವ ಏಷ್ಯಾದ ಕೆಲವು ಕಡೆ ಬಹುಪಾಲು ಹಾಗೇ ಆಗಿಬಿಟ್ಟಿದೆ. ಎರಡು ಮೂರು ದಿನ ಔಷಧಿ ಹೋದ್ರೂ ಜ್ವರ ಇಳೀದಿದ್ರೆ ವೈದ್ಯರು ಬೇರೆ ಗುಂಪಿಗೆ ಹೋಗ್ತಾರೆ.

ಮಳೆಬಿಲ್ಲು:
ನಾನಂತೂ ನೆಗಡಿ ಗಂಟಲುನೋವು ಶುರುವಾದ ತಕ್ಷಣ ಅಜಿಥ್ರೋ 500 ತಗೊಂಡುಬಿಡ್ತೀನಿ, ಎರಡೇ ದಿನಕ್ಕೆ ಕ್ಲಿಯರ್. ಮೂರೇ ಮಾತ್ರೆ, ಸೈಡ್ ಎಫೆಕ್ಟೂ ಇಲ್ಲ. ಯಾಕೆ ಇಷ್ಟು ಹೆದರಿಸ್ತೀರ ಎಲ್ರೂ.

ಪ್ಲೇಟ್‌ರೀಡರ್:
ಹೆದರಿಸ್ತಿಲ್ಲ ಅಣ್ಣ, ಕೇಳಿ. ನೆಗಡಿ ವೈರಸ್‌ನಿಂದ ಬರೋದು, ವೈರಸ್‌ಗೆ ತನ್ನದು ಅಂತ ರೈಬೋಸೋಮ್ ಇಲ್ಲ, ಅದು ನಮ್ಮದನ್ನೇ ಬಳಸ್ಕೊಳ್ಳುತ್ತೆ. ಮ್ಯಾಕ್ರೋಲೈಡ್ ನಮ್ಮದನ್ನ ಮುಟ್ಟಲ್ಲ ಅಂತ ಮೇಲೆ ಬರೆದೆ ನೋಡಿ. ನಿಮಗೆ ಕಡಿಮೆ ಆಗಿದ್ದು ತಾನಾಗೇ ಆಗ್ತಿತ್ತು. ಕೋವಿಡ್ ಸಮಯದಲ್ಲೂ ಎಲ್ಲಾ ಕಡೆ ಇದನ್ನ ಕೊಟ್ರು, ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ ಆಸ್ಪತ್ರೆ ಸೇರಿದ ಏಳು ಸಾವಿರಕ್ಕೂ ಹೆಚ್ಚು ಜನರನ್ನ ನೋಡಿದಾಗ ಅಜಿಥ್ರೋಮೈಸಿನ್ ಕೊಟ್ಟೋರಲ್ಲೂ ಕೊಡದೋರಲ್ಲೂ 28 ದಿನದೊಳಗಿನ ಸಾವು ಒಂದೇ, ಶೇಕಡಾ 22. ಅದರ ಫಲಿತಾಂಶ 2021ರಲ್ಲಿ ಪ್ರಕಟ ಆಯ್ತು.

ಈಗ ನಿಮ್ಮ ಗಂಟಲಲ್ಲಿ ಏನಾಗ್ತಿದೆ ಹೇಳ್ತೀನಿ. ಆರೋಗ್ಯವಾಗಿರೋ ಜನಕ್ಕೆ ಒಂದೇ ಒಂದು ಕೋರ್ಸ್ ಅಜಿಥ್ರೋಮೈಸಿನ್ ಅಥವಾ ಕ್ಲಾರಿಥ್ರೋಮೈಸಿನ್ ಕೊಟ್ಟು ಅವರ ಬಾಯಿ ಗಂಟಲಿನ ಸ್ಟ್ರೆಪ್ಟೋಕಾಕಸ್‌ಗಳನ್ನ ಪರೀಕ್ಷಿಸಿದ ಅಧ್ಯಯನ 2007ರಲ್ಲಿ ಬಂತು. ಔಷಧಿಗೆ ಬಗ್ಗದವುಗಳ ಪಾಲು ಕೆಲವೇ ದಿನದಲ್ಲಿ ಜರ್ರನೆ ಏರ್ತು, ಆರು ತಿಂಗಳಾದ್ರೂ ಪೂರ್ತಿ ಇಳಿದಿರ್ಲಿಲ್ಲ. ಅಜಿಥ್ರೋ ನಿಧಾನಕ್ಕೆ ಹೊರಗೆ ಹೋಗುತ್ತೆ ಅಂದ್ರಲ್ಲ ಗುಳಿಗೆಲೆಕ್ಕ ಅವರು, ಅದೇ ಒಳ್ಳೇ ಗುಣ ಇಲ್ಲಿ ತಿರುಗಿಬೀಳುತ್ತೆ. ಕೊನೆಕೊನೆಗೆ ಕೊಲ್ಲೋಕೆ ಸಾಲದಷ್ಟು ಕಡಿಮೆ ಪ್ರಮಾಣ ಬಹಳ ದಿನ ಉಳಿಯುತ್ತೆ, ಬಗ್ಗದವು ಆರಾಮಾಗಿ ಬೆಳೀತವೆ.

ಬ್ಯಾಕ್ಟೀರಿಯಾ ತಪ್ಪಿಸ್ಕೊಳ್ಳೋ ರೀತಿ ಹಲವು. ಕೆಲವು ಔಷಧಿಯನ್ನ ಪಂಪ್ ಮಾಡಿ ಹೊರಗೆ ಹಾಕ್ತವೆ. ಕೆಲವದರಲ್ಲಿ ಆ 2058ರ ಅಡೆನಿನ್ ಬದಲಾಗಿರುತ್ತೆ, ಸಿಫಿಲಿಸ್‌ಗೆ ಅಜಿಥ್ರೋ ಕೈಕೊಟ್ಟಿದ್ದು ಹೀಗೇ. ಇನ್ನು ಕೆಲವದರಲ್ಲಿ ಇಆರ್‌ಎಂ ಅನ್ನೋ ಜೀನ್ ಇರುತ್ತೆ, ಅದು ಅದೇ ಅಡೆನಿನ್‌ಗೆ ಮೀಥೈಲ್ ಅಂಟಿಸಿ ಔಷಧಿ ಕೂರದ ಹಾಗೆ ಮಾಡುತ್ತೆ. ಈ ಜೀನ್ ಎಷ್ಟೋ ಸಲ ಸುಮ್ಮನೆ ಮಲಗಿರುತ್ತೆ, ಎಬ್ಬಿಸೋದು ಔಷಧಿನೇ! ಎರಿಥ್ರೋಮೈಸಿನ್ ಬಂದು ರೈಬೋಸೋಮ್ ಹಿಡಿದಾಗ ಜೀನ್‌ನ ಮುಂದಿರೋ ಒಂದು ಪುಟ್ಟ ಸರಪಳಿ ಅರ್ಧಕ್ಕೆ ನಿಲ್ಲುತ್ತೆ, ಅದು ನಿಂತಾಗ ಮಡಚಿಕೊಂಡಿದ್ದ ಆರ್‌ಎನ್‌ಎ ಬಿಚ್ಚಿಕೊಳ್ಳುತ್ತೆ, ಆಗ ಆ ಮೀಥೈಲ್ ಹಚ್ಚೋ ಕಿಣ್ವ ತಯಾರಾಗೋಕೆ ಶುರು.

ಇದನ್ನ ಪ್ಲೇಟ್ ಮೇಲೆ ಕಣ್ಣಾರೆ ನೋಡಬಹುದು. ಬ್ಯಾಕ್ಟೀರಿಯಾ ಬೆಳೆಸೋ ಅಗರ್ ಮೇಲೆ ಹೀಗೆ ಮಲಗಿರೋ ಜೀನ್ ಇರೋ ಸ್ಟೆಫೈಲೋಕಾಕಸ್ ಹರಡಿ, ಎರಿಥ್ರೋಮೈಸಿನ್ ಡಿಸ್ಕ್ (ಔಷಧಿ ಇರೋ ಪುಟ್ಟ ಬಿಲ್ಲೆ) ಒಂದು, 15ರಿಂದ 26 ಮಿಲಿಮೀಟರ್ ದೂರದಲ್ಲಿ ಇನ್ನೊಂದು ಗುಂಪಿನ ಆ್ಯಂಟಿಬಯಾಟಿಕ್ ಆದ ಕ್ಲಿಂಡಾಮೈಸಿನ್ ಡಿಸ್ಕ್ ಒಂದು ಇಡ್ತೀವಿ. ಮಾರನೇ ದಿನ ತೆಗೆದು ನೋಡಿದ್ರೆ ಎರಿಥ್ರೋ ಸುತ್ತ ಬ್ಯಾಕ್ಟೀರಿಯಾ ಒತ್ತಾಗಿ ಬೆಳೆದಿರುತ್ತೆ, ಕ್ಲಿಂಡಾ ಸುತ್ತ ಖಾಲಿ ವೃತ್ತ ಇರುತ್ತೆ. ಆದ್ರೆ ವೃತ್ತ ಪೂರ್ತಿ ದುಂಡಗಿರಲ್ಲ, ಎರಿಥ್ರೋ ಕಡೆಗಿನ ಅಂಚು ಮಾತ್ರ ನೇರವಾಗಿ ಚಪ್ಪಟೆ ಆಗಿರುತ್ತೆ, ಇಂಗ್ಲಿಷಿನ ಡಿ ಅಕ್ಷರದ ಹಾಗೆ. ಆ ಅಂಚಲ್ಲಿರೋ ಬ್ಯಾಕ್ಟೀರಿಯಾಗೆ ಎರಿಥ್ರೋ ತಾಗಿ ಜೀನ್ ಎದ್ದಿದೆ, ಕ್ಲಿಂಡಾ ಕೂರೋದೂ ರೈಬೋಸೋಮ್‌ನ ಅದೇ ಜಾಗದಲ್ಲಿ, ಅದರಿಂದ ಅದೂ ಅಲ್ಲಿ ಕೆಲಸ ಮಾಡಿಲ್ಲ. ಅದನ್ನ ಕಂಡ್ರೆ ಕ್ಲಿಂಡಾಮೈಸಿನ್‌ಗೂ ರೆಸಿಸ್ಟೆಂಟ್, ಅಂದ್ರೆ ಬಗ್ಗಲ್ಲ, ಅಂತಲೇ ರಿಪೋರ್ಟ್ ಮಾಡ್ತೀವಿ. ನೀವು ನೆಗಡಿಗೆ ನುಂಗೋ ಒಂದು ಮಾತ್ರೆ ಇನ್ನೊಂದು ಗುಂಪಿನ ಔಷಧಿಯನ್ನೂ ಹಾಳುಮಾಡೋದು ಹೀಗೆ. ದಯವಿಟ್ಟು ನಿಲ್ಲಿಸಿ.

ಮಳೆಬಿಲ್ಲು:
ಸರಿ ಮೇಡಂ, ಅರ್ಥ ಆಯ್ತು, ಇನ್ಮೇಲೆ ತಗೊಳ್ಳಲ್ಲ. ಆದ್ರೆ ಒಂದು ಕೇಳ್ಲಾ, ಆಫ್ರಿಕಾದಲ್ಲಿ ಕಾಯಿಲೆನೇ ಇಲ್ಲದ ಮಕ್ಕಳಿಗೆಲ್ಲ ಇದೇ ಔಷಧಿ ಹಂಚ್ತಾರೆ ಅಂತ ಓದಿದ್ದೆ. ಅದು ಸರಿನಾ ಹಾಗಾದ್ರೆ?

ರಾತ್ರಿಪಾಳಿ:
ಒಳ್ಳೇ ಪ್ರಶ್ನೆ. ಅದರಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಟ್ರಕೋಮಾ ಅನ್ನೋ ಕಣ್ಣಿನ ಸೋಂಕು, ಕ್ಲಮೈಡಿಯಾ ಅನ್ನೋ ಬ್ಯಾಕ್ಟೀರಿಯಾದಿಂದ ಬರೋದು, ಮತ್ತೆ ಮತ್ತೆ ಬಂದು ರೆಪ್ಪೆ ಒಳಗೆ ತಿರುಗಿ ಕೊನೆಗೆ ಕುರುಡು ಮಾಡುತ್ತೆ. ಅದು ಇಡೀ ಊರಿಗೇ ಹರಡಿರುತ್ತೆ, ಒಬ್ಬರಿಗೆ ಕೊಟ್ರೆ ಇನ್ನೊಬ್ಬರಿಂದ ವಾಪಸ್ ಬರುತ್ತೆ, ಅದಕ್ಕೇ ವರ್ಷಕ್ಕೊಂದು ಡೋಸ್ ಊರಿಗೆಲ್ಲ ಕೊಡ್ತಾರೆ. ಇದರಿಂದ ಎಷ್ಟೋ ದೇಶಗಳು ಟ್ರಕೋಮಾದಿಂದ ಹೊರಗೆ ಬಂದಿವೆ. ಯಾಸ್ ಅನ್ನೋ ಚರ್ಮರೋಗಕ್ಕೂ ಒಂದೇ ಡೋಸ್ ಸಾಕು ಅಂತ 2012ರಲ್ಲಿ ಪಾಪುವಾ ನ್ಯೂಗಿನಿಯ ಟ್ರಯಲ್‌ನಲ್ಲಿ ಗೊತ್ತಾಯ್ತು, ಅದಕ್ಕೆ ಮುಂಚೆ ಪೆನಿಸಿಲಿನ್ ಇಂಜೆಕ್ಷನ್ನೇ ಕೊಡಬೇಕಿತ್ತು.

ಎರಡನೇದು ಮಾರ್ಡರ್ ಟ್ರಯಲ್, 2018ರಲ್ಲಿ ಪ್ರಕಟ ಆಗಿದ್ದು. ನೈಜರ್, ಮಲಾವಿ, ಟಾಂಜಾನಿಯಾದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಅಜಿಥ್ರೋಮೈಸಿನ್ ಕೊಟ್ರು. ಸಾವಿನ ಪ್ರಮಾಣ ಒಟ್ಟಾರೆ 13.5 ಶೇಕಡಾ ಕಡಿಮೆ ಆಯ್ತು, ನೈಜರ್‌ನಲ್ಲಿ ಇನ್ನೂ ಜಾಸ್ತಿ. ರೆಸಿಸ್ಟೆನ್ಸ್ ಕೂಡ ಏರಿದ್ದು ನಿಜ. ಅದಕ್ಕೇ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲಾ ಕಡೆ ಕೊಡಿ ಅನ್ನಲಿಲ್ಲ, ಶಿಶುಮರಣ ತುಂಬಾ ಜಾಸ್ತಿ ಇರೋ ಜಾಗದಲ್ಲಿ 1ರಿಂದ 11 ತಿಂಗಳ ಮಕ್ಕಳಿಗೆ, ರೆಸಿಸ್ಟೆನ್ಸ್ ಮೇಲೆ ಕಣ್ಣಿಟ್ಟು, ಪರಿಗಣಿಸಬಹುದು ಅಂತ ಹೇಳ್ತು. ನನ್ನ ಅಭಿಪ್ರಾಯ ಕೇಳಿದ್ರೆ, ಮಗು ಸಾಯೋ ಅಪಾಯ ಅಷ್ಟಿರೋ ಕಡೆ ಕೊಡೋದೇ ಸರಿ. ಗಂಟಲು ಕೆರೆಯೋದಕ್ಕೆ ನುಂಗೋದನ್ನ ಅದರ ಪಕ್ಕ ಇಟ್ಟು ನೋಡೋಕಾಗಲ್ಲ.

ಅಪ್ಪನಜೊತೆ:
ನಡುವೆ ಬರ್ತಿದ್ದೀನಿ ಕ್ಷಮಿಸಿ. ನಮ್ಮ ತಂದೆಗೆ ಹೊಟ್ಟೆ ಹುಣ್ಣು, ಎಚ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದೆ ಅಂತ ಕ್ಲಾರಿಥ್ರೋಮೈಸಿನ್, ಅಮಾಕ್ಸಿಸಿಲಿನ್, ಜೊತೆಗೆ ಆಸಿಡ್ ಕಡಿಮೆ ಮಾಡೋ ಮಾತ್ರೆ 14 ದಿನಕ್ಕೆ ಬರೆದಿದ್ದಾರೆ. ನಾಳೆಯಿಂದ ಶುರು. ಅವರು ಮೊದಲಿಂದ ಕೊಲೆಸ್ಟರಾಲ್‌ಗೆ ಸಿಂವಾಸ್ಟಾಟಿನ್ ತಗೊಳ್ತಾರೆ, ಗೌಟ್ ಕೀಲುನೋವು ಜಾಸ್ತಿಯಾದಾಗ ಕೊಲ್ಚಿಸಿನ್ ಕೂಡ. ಹೃದಯದ ತೊಂದ್ರೆನೂ ಇದೆ. ಒಟ್ಟಿಗೆ ತಗೋಬಹುದಾ?

ಗುಳಿಗೆಲೆಕ್ಕ:
ದಯವಿಟ್ಟು ಮೊದಲ ಮಾತ್ರೆ ಕೊಡೋಕೆ ಮುಂಚೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ ಈ ಎರಡೂ ಹೆಸರು ಹೇಳಿ. ಲಿವರ್‌ನಲ್ಲಿ ಸಿವೈಪಿ3ಎ4 ಅಂತ ಒಂದು ಕಿಣ್ವ ಇದೆ, ನೂರಾರು ಔಷಧಿಗಳನ್ನ ಒಡೆದು ಹೊರಗೆ ಹಾಕೋದು ಅದೇ. ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಎರಡೂ ಅದನ್ನ ತಡೆದುಬಿಡ್ತವೆ. ಆಗ ಸಿಂವಾಸ್ಟಾಟಿನ್ ರಕ್ತದಲ್ಲಿ ಹಲವು ಪಟ್ಟು ಏರಿ ಮಾಂಸಖಂಡ ಕರಗೋಕೆ ಶುರುವಾಗಬಹುದು, ಆ ಕಸ ಕಿಡ್ನಿಗೆ ಹೊಡೆಯುತ್ತೆ. ಹಾಗಾಗಿ ಸಿಂವಾಸ್ಟಾಟಿನ್, ಕ್ಲಾರಿಥ್ರೋ ಒಟ್ಟಿಗೆ ಕೊಡಲೇಬಾರದು ಅಂತ ಇದೆ. ಕೊಲ್ಚಿಸಿನ್ ಇನ್ನೂ ಅಪಾಯ, ಅದರಲ್ಲೂ ಕಿಡ್ನಿ ಸರಿಯಿಲ್ಲದ ವಯಸ್ಸಾದವರಲ್ಲಿ ಕ್ಲಾರಿಥ್ರೋ ಜೊತೆ ಸೇರಿ ಸಾವುಗಳೇ ಆಗಿವೆ. ವಾರ್ಫರಿನ್, ಕಾರ್ಬಮಜೆಪಿನ್, ಡಿಗಾಕ್ಸಿನ್ ತಗೊಳ್ಳೋರೂ ಹೇಳಲೇಬೇಕು. ಅಜಿಥ್ರೋಮೈಸಿನ್ ಈ ಕಿಣ್ವವನ್ನ ಅಷ್ಟಾಗಿ ಮುಟ್ಟಲ್ಲ, ಆದ್ರೆ ಎಚ್ ಪೈಲೋರಿಗೆ ಅಂತ ನೀವಾಗೇ ಅದಕ್ಕೆ ಬದಲಾಯಿಸಬೇಡಿ.

ರಾತ್ರಿಪಾಳಿ:
ಹೃದಯದ ವಿಷಯ ನಾನು ಸೇರಿಸ್ತೀನಿ. ಮ್ಯಾಕ್ರೋಲೈಡ್‌ಗಳು ಹೃದಯದ ಒಂದು ಪೊಟ್ಯಾಸಿಯಂ ಚಾನೆಲ್ ತಡೆದು ಇಸಿಜಿಯಲ್ಲಿ ಕ್ಯೂಟಿ ಅಂತರ, ಅಂದ್ರೆ ಪ್ರತಿ ಬಡಿತದಲ್ಲಿ ಹೃದಯ ಹಿಂಡಿ ಮತ್ತೆ ಸಿದ್ಧ ಆಗೋಕೆ ಹಿಡಿಯೋ ಹೊತ್ತನ್ನ, ಉದ್ದ ಮಾಡ್ತವೆ, ಅಪರೂಪಕ್ಕೆ ಬಡಿತ ಅಪಾಯಕಾರಿಯಾಗಿ ತಪ್ಪುತ್ತೆ. ಅಜಿಥ್ರೋಗೂ ಈ ಬಗ್ಗೆ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. ಆರೋಗ್ಯವಂತರಿಗೆ ಭಯ ಪಡೋ ಅಷ್ಟಿಲ್ಲ, ಆದ್ರೆ ಪೊಟ್ಯಾಸಿಯಂ ಮೆಗ್ನೀಸಿಯಂ ಕಡಿಮೆ ಇದ್ದೋರು, ಹೃದಯ ದುರ್ಬಲ ಇದ್ದೋರು, ಕ್ಯೂಟಿ ಉದ್ದ ಮಾಡೋ ಬೇರೆ ಔಷಧಿ ತಗೊಳ್ಳೋರಲ್ಲಿ ಮುಂಚೆ ಒಂದು ಇಸಿಜಿ ನೋಡೋದು ಒಳ್ಳೇದು. ಔಷಧಿ ತಗೊಳ್ತಾ ತಲೆಸುತ್ತಿ ಬಿದ್ರೆ, ಎದೆ ಡವಡವ ಅಂದ್ರೆ ತುರ್ತು ವಿಭಾಗಕ್ಕೆ ಹೋಗಿ.

ನರ್ಸಿಂಗ್‌ಹುಡುಗಿ:
ಇನ್ನೊಂದೇ ಡೌಟ್ ಸರ್. ವಾರ್ಡ್‌ನಲ್ಲಿ ಸಿಒಪಿಡಿ ಅನ್ನೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರೋ ಒಬ್ಬರಿಗೆ ಅಜಿಥ್ರೋ 250 ತಿಂಗಳುಗಟ್ಟಲೆ ಹೋಗ್ತಿದೆ, ಹೊಟ್ಟೆ ಖಾಲಿ ಆಗದ ಇನ್ನೊಬ್ಬರಿಗೆ ಸೋಂಕೇ ಇಲ್ಲದೆ ಎರಿಥ್ರೋಮೈಸಿನ್ ಕೊಡ್ತಿದ್ದಾರೆ. ಇದು ಹೇಗೆ?

ರಾತ್ರಿಪಾಳಿ:
ಎರಿಥ್ರೋಮೈಸಿನ್ ಹೊಟ್ಟೆಯಲ್ಲಿ ಮೋಟಿಲಿನ್ ಅನ್ನೋ ಹಾರ್ಮೋನಿನ ಗ್ರಾಹಕವನ್ನ ಕೆಣಕುತ್ತೆ, ಜಠರ ಜೋರಾಗಿ ಹಿಂಡುತ್ತೆ. ಎಲ್ರೂ ಬೈಯೋ ಆ ಹೊಟ್ಟೆನೋವಿನ ಕಾರಣನೂ ಅದೇ, ಇಲ್ಲಿ ಅದನ್ನೇ ಉಪಯೋಗಕ್ಕೆ ತಗೊಂಡಿದ್ದಾರೆ. ರಕ್ತವಾಂತಿ ಆದವರಿಗೆ ಎಂಡೋಸ್ಕೋಪಿಗೆ ಮುಂಚೆ ಹೊಟ್ಟೆ ಖಾಲಿ ಆಗ್ಲಿ ಅಂತಲೂ ಕೊಡ್ತೀವಿ.

ಸಿಒಪಿಡಿಯದ್ದು ಉರಿಯೂತ ಇಳಿಸೋ ಗುಣ. ಜಪಾನಿನಲ್ಲಿ ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೋಲೈಟಿಸ್ ಅಂತ ಶ್ವಾಸನಾಳದ ಕೆಟ್ಟ ಕಾಯಿಲೆ ಇತ್ತು, 1980ರ ದಶಕದಲ್ಲಿ ಶೋಜಿ ಕುಡೊಹ್ ಅವರು ಕಡಿಮೆ ಡೋಸ್ ಎರಿಥ್ರೋಮೈಸಿನ್ ತಿಂಗಳುಗಟ್ಟಲೆ ಕೊಟ್ಟು ನೋಡಿದ್ರು. ಆ ರೋಗಿಗಳ ಕಫದಲ್ಲಿದ್ದ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಆ ಡೋಸ್‌ಗೆ ಸಾಯೋದೇ ಇಲ್ಲ, ಆದ್ರೂ ರೋಗಿಗಳು ಸುಧಾರಿಸಿದ್ರು, ಐದು ವರ್ಷ ಬದುಕುಳಿಯೋರ ಪ್ರಮಾಣ ಶೇಕಡಾ 90 ದಾಟ್ತು. ಆಗಾಗ ಉಲ್ಬಣಿಸೋ ಸಿಒಪಿಡಿಗೂ ಪ್ರಯೋಜನ ಇದೆ ಅಂತ 2011ರ ಟ್ರಯಲ್ ತೋರಿಸ್ತು, ಆದ್ರೆ ಕೆಲವರಲ್ಲಿ ಕಿವಿ ಮಂದ ಆಯ್ತು. ಆ ರೋಗಿಯ ಇಸಿಜಿ, ಕಿವಿ ಪರೀಕ್ಷೆ ಫೈಲ್‌ನಲ್ಲಿ ಇದೆಯಾ ನೋಡಮ್ಮ, ಇಲ್ದಿದ್ರೆ ಡ್ಯೂಟಿ ಡಾಕ್ಟರ್‌ಗೆ ನೆನಪಿಸು.

ಅಪ್ಪನಜೊತೆ:
ವೈದ್ಯರ ಹತ್ರ ಮಾತಾಡಿದೆ. ಕೋರ್ಸ್ ಮುಗಿಯೋವರೆಗೆ ಸಿಂವಾಸ್ಟಾಟಿನ್ ನಿಲ್ಲಿಸಿ ಅಂದ್ರು, ಕೊಲ್ಚಿಸಿನ್ ಮುಟ್ಟಲೇಬೇಡಿ ಅಂದ್ರು, ಇಸಿಜಿ ಮಾಡಿ ಸರಿ ಇದೆ ಅಂದ ಮೇಲೆ ಶುರುಮಾಡಿದ್ವಿ. ಎಲ್ರಿಗೂ ಧನ್ಯವಾದ. ಈಗ ಅಪ್ಪನಿಗೆ ಬಾಯೆಲ್ಲ ಕಹಿ, ಕಬ್ಬಿಣ ನೆಕ್ಕಿದ ಹಾಗೆ ಅಂತಾರೆ, ಊಟ ಸೇರ್ತಿಲ್ಲ, ನಿಲ್ಲಿಸಿಬಿಡ್ತೀನಿ ಅಂತಿದ್ದಾರೆ.

ಗುಳಿಗೆಲೆಕ್ಕ:
ಅದು ಕ್ಲಾರಿಥ್ರೋದ್ದೇ, ತುಂಬಾ ಜನಕ್ಕೆ ಆಗುತ್ತೆ, ಔಷಧಿ ಎಂಜಲಲ್ಲೂ ಬರುತ್ತೆ. ಅಪಾಯ ಇಲ್ಲ, ಕೋರ್ಸ್ ಮುಗಿದ ಮೇಲೆ ಹೋಗುತ್ತೆ. ಊಟದ ಜೊತೆಗೇ ಕೊಡಿ, ಮಾತ್ರೆ ಅಗಿಯೋದು ಪುಡಿ ಮಾಡೋದು ಬೇಡ. ಅರ್ಧಕ್ಕೆ ಬಿಟ್ರೆ ಉಳಿದ ಎಚ್ ಪೈಲೋರಿಗೆ ಮುಂದಿನ ಸಲ ಕ್ಲಾರಿಥ್ರೋ ಕೆಲಸ ಮಾಡೋದು ಅನುಮಾನ, ಇದನ್ನ ಅಪ್ಪನಿಗೆ ಬಿಡಿಸಿ ಹೇಳಿ. ಮೈ ಮೇಲೆ ಗಂಧೆ, ಮೂತ್ರ ಕಂದು ಬಣ್ಣ, ಕಣ್ಣು ಹಳದಿ, ಬಿಡದ ಭೇದಿ ಇವು ಏನಾದ್ರೂ ಕಂಡ್ರೆ ಮಾತ್ರ ಮುಂದಿನ ಡೋಸ್ ಕೊಡೋ ಮುಂಚೆ ವೈದ್ಯರಿಗೆ ತಿಳಿಸಿ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಆದ ಮೇಲೆ ಉಸಿರಿನ ಪರೀಕ್ಷೆ ಅಥವಾ ಮಲಪರೀಕ್ಷೆ ಮಾಡಿ ರೋಗಾಣು ಹೋಗಿದೆಯಾ ಅಂತ ನೋಡ್ತಾರೆ. ಆ ಪರೀಕ್ಷೆಗೆ ಎರಡು ವಾರ ಮುಂಚೆನೇ ಆಸಿಡ್ ಮಾತ್ರೆ ನಿಲ್ಲಿಸಿರಬೇಕಾಗುತ್ತೆ, ಯಾವಾಗ ನಿಲ್ಲಿಸೋದು ಅಂತ ಈಗಲೇ ಅವರ ಹತ್ರ ಕೇಳಿ ಬರೆದಿಟ್ಕೊಳ್ಳಿ.